ಗೋಡೆಗೆ ಯಾರ ಬಣ್ಣ?

ಚಿತ್ರದುರ್ಗವೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕಲ್ಲು. ಏಳು ಸುತ್ತಿನ ಕೋಟೆ, ಬತೇರಿಗಳು, ಒನಕೆ ಓಬವ್ವನ ಕಿಂಡಿ, ಬಂಡೆಯ ಮೇಲೆ ಬಂಡೆ. ಆದರೆ ಕೋಟೆಯ ಒಳಗೆ ನಾಯಕರ ಅರಮನೆ ಇದ್ದ ಬಯಲಿನವರೆಗೆ ನಡೆದು ಹೋದವರಿಗೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ಉಳಿದು ನಿಂತಿರುವುದು ದಪ್ಪನೆಯ ಮಣ್ಣಿನ ಗೋಡೆಗಳು. 1779ರಲ್ಲಿ ಕೋಟೆ ಹೈದರಾಲಿಯ ವಶವಾಗಿ ಕೊನೆಯ ಮದಕರಿನಾಯಕನ ಆಳ್ವಿಕೆ ಮುಗಿದು ಎರಡು ಶತಮಾನಗಳಿಗೂ ಹೆಚ್ಚು ಕಾಲವಾಗಿದೆ. ಆ ಮಣ್ಣು ಇನ್ನೂ ನಿಂತಿದೆ. ಶತ್ರುವನ್ನು ತಡೆಯಲು ಕಲ್ಲು, ಬಾಳಿ ಬದುಕಲು ಮಣ್ಣು. ದೊರೆಗೂ ರೈತನಿಗೂ ಈ ಸೀಮೆಯಲ್ಲಿ ಇದೇ ಲೆಕ್ಕ.

ಇದು ಈಗ ನೆನಪಾಗಲು ಕಾರಣ ಒಂದು ಮನೆಯ ಜಗಳ. ಹೊಸದುರ್ಗದ ಕಡೆಯ ನಮ್ಮ ನೆಂಟರೊಬ್ಬರ ಹಳೆಯ ಮಾಳಿಗೆ ಮನೆಗೆ ಮದುವೆಯ ನೆಪದಲ್ಲಿ ಹೊಸ ರೂಪ ಕೊಡಬೇಕಾಗಿತ್ತು. ಅತ್ತೆಗೆ ಎಂದಿನಂತೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟಿ ಎಳೆಯಬೇಕು. ಸೊಸೆಗೆ ತಿಳಿಹಸಿರು ಪೇಂಟು ಬೇಕು, ನೆಲಕ್ಕೆ ಟೈಲ್ಸ್ ಬೇಕು. ಮಗನಿಗೆ ಎಲ್ಲವನ್ನೂ ಕೆಡವಿ ಆರ್‌ಸಿಸಿ ಹಾಕಿದರೆ ಸಾಕು. ಮಾತಿಗೆ ಮಾತು ಬೆಳೆದು ಎರಡು ದಿನ ಒಲೆಯೇ ಎರಡಾಯಿತು. ಹೊರಗಿನವರಿಗೆ ಇದು ಬಣ್ಣದ ಜಗಳ. ಒಳಗಿನವರಿಗೆ ಮಾತ್ರ ಇದು ಯಾರದು ಈ ಮನೆ ಎಂಬ ಪ್ರಶ್ನೆ. ಮನೆಯ ಅಲಂಕಾರದ ಚರಿತ್ರೆಯಲ್ಲಿ ಈ ಪ್ರಶ್ನೆ ಹೊಸದೇನಲ್ಲ.

ಮಳೆ ಬರೆದ ನಕ್ಷೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಮನೆಗಳಿಗೆ ಇಳಿಜಾರು ಚಾವಣಿ ಕಡಿಮೆ. ಜಿಲ್ಲೆಯ ಬಹುಭಾಗದಲ್ಲಿ ವರ್ಷದ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಮಲೆನಾಡಿನಂತೆ ನೀರನ್ನು ಜಾರಿಸಿ ಓಡಿಸುವ ಅಗತ್ಯ ಇಲ್ಲಿಲ್ಲ. ಆದ್ದರಿಂದ ಚಪ್ಪಟೆ ಮಾಳಿಗೆ ಹುಟ್ಟಿತು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೀಳು ಕಡ್ಡಿ ಮತ್ತು ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಪದರ. ಬೆಳೆ ಬಾರದ ಸವಳು ನೆಲವನ್ನು ರೈತ ಶಪಿಸಿದರೂ ಅದರ ಮಣ್ಣನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ತಲೆಯ ಮೇಲೆ ಹೊದೆಸಿಕೊಂಡ. ಆ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ಮಳೆ ಬಿದ್ದೊಡನೆ ಅದರ ನಯವಾದ ಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹೊಲಕ್ಕೆ ಕಂಟಕವಾದ ಗುಣವೇ ಮನೆಗೆ ಕೊಡೆಯಾಯಿತು.

ಗೋಡೆ ದಪ್ಪವಿದ್ದುದರಿಂದ ಒಳಗೆ ತಂಪು. ಆದರೆ ಕಿಟಕಿ ಚಿಕ್ಕದು, ಬೆಳಕು ಕಡಿಮೆ. ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಇಳಿಯುವ ಬಿಸಿಲಕೋಲನ್ನು ಮನೆಯೆಲ್ಲ ಹಂಚುವುದು ಸುಣ್ಣ ಬಳಿದ ಗೋಡೆಯ ಕೆಲಸ. ಸುಣ್ಣ ಹುಳು ಹುಪ್ಪಟೆಯನ್ನೂ ದೂರವಿಡುತ್ತದೆ. ಗೋಡೆಯ ಬುಡಕ್ಕೆ ಬಳಿಯುವ ಕೆಮ್ಮಣ್ಣಿನ ಕಾರಣೆಗೂ ಅರ್ಥವಿದೆ. ನೆಲ ಸಾರಿಸುವಾಗ ಸಿಡಿಯುವ ಸಗಣಿ ನೀರು, ಅಂಗಳದ ಮಳೆಹನಿಯ ಕೆಸರು ಎಲ್ಲವೂ ಬಿಳಿಯ ಮೇಲೆ ಎದ್ದು ಕಾಣುತ್ತವೆ, ಕೆಂಪಿನಲ್ಲಿ ಅಡಗುತ್ತವೆ. ಉಪಯೋಗಕ್ಕೆಂದು ಬಂದ ಪಟ್ಟಿ ನೋಟಕ್ಕೂ ಒಗ್ಗಿತು. ಅದರ ಅಂಚಿಗೆ ಸುಣ್ಣದ ಚುಕ್ಕಿ, ಬಳ್ಳಿ, ತೇರು, ನವಿಲು ಸೇರಿಕೊಂಡವು. ಹೀಗೆ ಬರೆದವರು ಹೆಂಗಸರು. ಮನೆ ಕಟ್ಟುವಾಗ ಅವರನ್ನು ಕೇಳಿದವರು ಕಡಿಮೆ. ಕಟ್ಟಿದ ಮೇಲೆ ಗೋಡೆ ಅವರದಾಗುತ್ತಿತ್ತು.

ಕೆಂಪು ಬಿಳುಪಿನ ಈ ಜೋಡಿ ಈ ನೆಲಕ್ಕೆ ಬಹಳ ಹಳೆಯದು. ಕೋಟೆಯ ಪಕ್ಕದ ಚಂದ್ರವಳ್ಳಿಯಲ್ಲಿ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಉತ್ಖನನ ನಡೆಸಿದಾಗ ಶಾತವಾಹನರ ಕಾಲದ ಮಡಕೆಗಳು ದೊರೆತವು. ಅವುಗಳ ಕೆಂಗಂದು ಲೇಪದ ಮೇಲೆ ಬಿಳಿಯ ಗೆರೆಗಳ ಚಿತ್ತಾರವಿದೆ. ಮದುವೆಗಳಲ್ಲಿ ಕುಂಬಾರರ ಮನೆಯಿಂದ ತರುವ ಐರಣಿ ಗಡಿಗೆಗಳ ಮೇಲೂ ಸುಣ್ಣದ ಚಿತ್ತಾರ ಇರುತ್ತದೆ. ಎರಡಕ್ಕೂ ನೇರ ವಂಶಾವಳಿ ಕಟ್ಟುವುದು ಸಾಹಸವಾದೀತು. ಆದರೆ ಕೈಗೆಟಕುವ ಎರಡು ಮಣ್ಣುಗಳಿಂದಲೇ ಅಂದ ಹುಟ್ಟಿಸುವ ಜಾಣ್ಮೆ ಇಲ್ಲಿ ಸಾವಿರಾರು ವರ್ಷಗಳಿಂದ ಇದೆ ಎನ್ನಲು ಅಡ್ಡಿಯಿಲ್ಲ.

ಹೊರಗಿನಿಂದ ಬಂದ ನಂಟರು

ಹಾಗೆಂದು ಹಳೆಯ ಮನೆ ಒಂದೇ ರುಚಿಯ ಮನೆಯಾಗಿತ್ತೆಂದು ತಿಳಿಯಬಾರದು. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಮಂಟಪದ ಚಾವಣಿಯಲ್ಲಿ ಪುರಾಣದ ಕಥೆಗಳ ವರ್ಣಚಿತ್ರಗಳಿವೆ. ಜಾತ್ರೆಗೆ ಬಂದ ರೈತ ತಲೆ ಎತ್ತಿ ನೋಡಿದ್ದು ಆ ಬಣ್ಣಗಳನ್ನು. ಮನೆಗೆ ಅವನ್ನು ಕೊಂಡೊಯ್ಯುವ ದಾರಿ ಮಾತ್ರ ಅಚ್ಚಿನ ಕಾಲದಲ್ಲಿ ತೆರೆಯಿತು. 1894ರಲ್ಲಿ ಮುಂಬಯಿಯಲ್ಲಿ ರಾಜಾ ರವಿವರ್ಮನ ಮುದ್ರಣಾಲಯ ಆರಂಭವಾದ ಮೇಲೆ ಲಕ್ಷ್ಮಿ ಸರಸ್ವತಿಯರು ಪಟಗಳಾಗಿ ದೇಶದ ಹಳ್ಳಿ ಹಳ್ಳಿಯ ಪಡಸಾಲೆಗೆ ಬಂದರು. ಆಮೇಲೆ ಅಂಗಡಿಗಳ ಕ್ಯಾಲೆಂಡರುಗಳು, ಬಸವಣ್ಣನವರ ಪಟ, ಗಾಂಧಿಯ ಪಟ, ಮಗನ ಪದವಿ ಪ್ರದಾನದ ಫೋಟೋ. ದೀವಿಗೆ ಇಡುತ್ತಿದ್ದ ಗೂಡಿನಲ್ಲಿ ರೇಡಿಯೋ ಕುಳಿತಿತು.

ಚಾವಣಿಯೂ ಬದಲಾಯಿತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ತೆರೆದ ಹಂಚಿನ ಕಾರ್ಖಾನೆಯಿಂದ ಆರಂಭವಾದ ಕೆಂಪು ಹಂಚು ಕಾಲಕ್ರಮದಲ್ಲಿ ಬಯಲುಸೀಮೆಗೂ ನಡೆದು ಬಂದಿತು. 1907ರಲ್ಲಿ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಅಣೆಕಟ್ಟೆ ಪೂರ್ಣಗೊಂಡು ವಾಣಿವಿಲಾಸ ಸಾಗರವಾದಾಗ ಹಿರಿಯೂರಿನ ನಾಲೆಯ ಬಯಲಿಗೆ ತೋಟ ಬಂದಿತು. ಹೊಳಲ್ಕೆರೆಯ ಕಡೆ ಅಡಿಕೆ. ತೋಟದ ಹಣ ಕೈಗೆ ಬಂದವನು ಮೊದಲು ತೋರಿಸಿಕೊಳ್ಳುವುದು ಮನೆಯ ಮುಂಭಾಗದಲ್ಲಿ. ಕೆತ್ತನೆಯ ಬಾಗಿಲು, ಸಿಮೆಂಟಿನ ಹೂಬಳ್ಳಿ, ಕೆಂಪು ಆಕ್ಸೈಡಿನ ನೆಲ ಬಂದವು. ಆದರೂ ನಡುಮನೆ ಹಿಂದಿನಂತೆಯೇ ಉಳಿಯುತ್ತಿತ್ತು. ಮುಂದುಗಡೆ ಹೊಸತು, ಒಳಗೆ ಹಳತು: ಇದು ನಮ್ಮ ಹಿರಿಯರು ಜಗಳವಿಲ್ಲದೆ ಮಾಡಿಕೊಂಡ ಒಪ್ಪಂದ.

ಸಮುದಾಯಗಳ ರುಚಿಗಳೂ ಹೀಗೆಯೇ ಅಕ್ಕಪಕ್ಕ ಬಾಳಿದವು. ಕುರುಬರು ನೇಯ್ದ ಕರಿಯ ಕಂಬಳಿ ಯಾರ ಮನೆಯ ಜಗಲಿಯ ಮೇಲಾದರೂ ಅತಿಥಿಗೆ ಹಾಸುವ ಗೌರವದ ವಸ್ತು. ಲಂಬಾಣಿ ತಾಂಡಾಗಳ ಕನ್ನಡಿ ಕವಡೆಯ ಕಸೂತಿ ಒಂದು ಕಾಲಕ್ಕೆ ತೊಟ್ಟವರ ಗುರುತಾಗಿತ್ತು. ಈಗ ಅದೇ ಕಸೂತಿ ನಗರಗಳ ಸೋಫಾ ದಿಂಬಿನ ಮೇಲೆ ಬಂದಿದೆ, ತಾಂಡಾದ ಮನೆಯಲ್ಲೇ ಅಪರೂಪವಾಗುತ್ತಿದೆ. ಕೌದಿಯಂತೂ ಪ್ರತಿ ಮನೆಯ ಸಂಧಾನಪತ್ರ. ಅಜ್ಜಿಯ ಹಳೆಯ ಸೀರೆ, ಸೊಸೆಯ ಮಾಸಿದ ಸೀರೆ, ಮೊಮ್ಮಗನ ಅಂಗಿಯ ಚೂರು ಒಂದೇ ಹೊದಿಕೆಯಲ್ಲಿ ಕೂಡುತ್ತವೆ.

ಉಳಿಸಬಾರದ್ದೂ ಇದೆ

ಹಳೆಯ ಮನೆಯನ್ನು ನೆನೆದು ಕರಗುವವರು ಇನ್ನೊಂದು ಮುಖವನ್ನೂ ನೋಡಬೇಕು. ಆ ಮನೆಯ ಅಂದಕ್ಕೆ ಗಡಿಗಳಿದ್ದವು. ಹೊಸ್ತಿಲಿಗೆ ರಂಗೋಲಿ ಹಾಕಿದ ಕೈಯೇ ಕೆಲವರನ್ನು ಆ ಹೊಸ್ತಿಲಿನಾಚೆ ನಿಲ್ಲಿಸಿತು. ಕತ್ತಲ ಕೋಣೆ, ಹೊಗೆ ತುಂಬಿದ ಅಡುಗೆಮನೆ ಹೆಂಗಸರ ಪಾಲಿಗೆ ಬಂದವು. ಜಿಲ್ಲೆಯ ಹಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಮನೆಯಿಂದ ಹೊರಗಿಡುವ ರೂಢಿ ನಡೆದುಬಂದಿತು. 2023ರಲ್ಲಿ ನೆರೆಯ ತುಮಕೂರು ಜಿಲ್ಲೆಯ ಗೊಲ್ಲರಹಟ್ಟಿಯೊಂದರಲ್ಲಿ ಊರಹೊರಗಿನ ಗುಡಿಸಲಿನಲ್ಲಿ ತಾಯಿಯೊಡನೆ ಇರಿಸಿದ್ದ ಹಸುಗೂಸು ಅಸುನೀಗಿದ್ದು ನಾಡಿನ ಮನಸ್ಸನ್ನು ಕಲಕಿತು. ಮನೆಯನ್ನು ಎಷ್ಟೇ ಅಂದವಾಗಿ ಸಾರಿಸಿದರೂ ಅದರೊಳಗೆ ಬಾಣಂತಿಗೆ ಜಾಗವಿಲ್ಲದಿದ್ದರೆ ಆ ಅಂದಕ್ಕೆ ಬೆಲೆಯೇನು? ದೊಡ್ಡ ಕಿಟಕಿ ಬೇಕು, ಮನೆಯೊಳಗೆ ಬಚ್ಚಲು ಬೇಕು, ತನ್ನದೇ ಒಂದು ಕೋಣೆ ಬೇಕು ಎಂದು ಹೊಸ ಸೊಸೆ ಕೇಳಿದಾಗ ಅದನ್ನು ಪೇಟೆಯ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಅದು ಅವಳ ಹಿಂದಿನ ಹಲವು ತಲೆಮಾರುಗಳು ಬಾಯಿಬಿಟ್ಟು ಕೇಳಲಾರದೆ ಉಳಿದದ್ದು.

ಹಾಗೆಯೇ ಹೊಸತೆಲ್ಲವೂ ಹಳತಿಗೆ ಹೊಂದುವುದಿಲ್ಲ ಎಂಬುದೂ ನಿಜ. ಮಣ್ಣಿನ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಗಾರೆಯನ್ನೋ ಎಣ್ಣೆ ಬಣ್ಣವನ್ನೋ ಹೊದೆಸಿದರೆ ತೇವ ಒಳಗೇ ಸಿಕ್ಕಿಕೊಂಡು ನಾಲ್ಕಾರು ಮಳೆಗಾಲದಲ್ಲಿ ಪದರವೇ ಕಳಚಿ ಬೀಳುತ್ತದೆ. ಹಳೆಯ ಗೋಡೆಯ ಮೇಲೆ ಕಾಂಕ್ರೀಟಿನ ಭಾರ ಹೊರಿಸುವುದೂ ಅಪಾಯ. ಬೇಕಾದ ಬಣ್ಣವನ್ನು ಸುಣ್ಣದಲ್ಲೇ ಕಲಸಿ ಬಳಿಯಬಹುದು, ಗೋಡೆಯ ಉಸಿರು ಕಟ್ಟುವುದಿಲ್ಲ. ಹೊಸದಾಗಿ ಕಟ್ಟುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಒತ್ತಿ ಮಾಡುವ ಇಟ್ಟಿಗೆಯ ದಾರಿ ತೋರಿಸಿದೆ. ಅಂದರೆ ರುಚಿಗಳ ನಡುವಿನ ರಾಜಿಗೆ ಎರಡೇ ನಿಯಮ ಸಾಕು. ವಸ್ತುವಿನ ಗುಣಕ್ಕೆ ವಿರೋಧವಾಗಿ ಹೋಗಬಾರದು. ಮನೆಯಲ್ಲಿರುವ ಯಾರೊಬ್ಬರನ್ನೂ ಪರಕೀಯರಾಗಿಸಬಾರದು.

ನೆಂಟರ ಮನೆಯ ಕಥೆ ಹೇಳದೆ ಮುಗಿಸಿದರೆ ಓದುಗರಿಗೆ ಸಮಾಧಾನವಾಗದು. ಮನೆಯನ್ನು ಕೆಡವಲಿಲ್ಲ. ಹಿಂಬದಿಯ ಕತ್ತಲ ಕೋಣೆಗೆ ದೊಡ್ಡ ಕಿಟಕಿ ಇಟ್ಟರು, ಬಚ್ಚಲಿಗೆ ಟೈಲ್ಸ್ ಹಾಕಿದರು. ಪಡಸಾಲೆಯ ಸುಣ್ಣಕ್ಕೆ ಸೊಸೆ ಹಸಿರು ಪುಡಿ ಬೆರೆಸಿದಳು. ಅತ್ತೆ ಮುಖ ತಿರುಗಿಸಿಕೊಂಡೇ ಇದ್ದರು. ಮದುವೆಯ ಹಿಂದಿನ ಸಂಜೆ ಮಾತ್ರ ಅವರು ಕೆಮ್ಮಣ್ಣಿನ ಬೋಗುಣಿ ಹಿಡಿದು ಬಂದು, ಬಗ್ಗಲಾರದ ಸೊಂಟವನ್ನು ತೋರಿಸಿ, "ಕಾರಣೆ ನೀನೇ ಎಳಿ, ನನ್ನ ಗೆರೆ ಈಗ ಸೊಟ್ಟ ಬರ್ತದೆ" ಎಂದರಂತೆ. ಹಸಿರು ಗೋಡೆಯ ಬುಡದಲ್ಲಿ ಕೆಂಪು ಪಟ್ಟಿ ಚೆನ್ನಾಗಿಯೇ ಕಾಣುತ್ತಿತ್ತು.