ಆಗಸ್ಟ್ 15: ಝೆಂಡಾ ಏರಿದ ಮೇಲೆ ಯಾರಿಗೆ ಸೂಟಿ, ಯಾರಿಗೆ ದುಡಿಮೆ?

ಹಾವೇರಿ: ಸ್ವಾತಂತ್ರ್ಯ ದಿನ ಅಂದರೆ ಕಚೇರಿ, ಬ್ಯಾಂಕಿಗೆ ಬೀಗ, ಸಾಲಿಯಲ್ಲಿ ಝೆಂಡಾ, ಮಕ್ಕಳ ಕೈಯಲ್ಲಿ ಸಿಹಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ಬೆಳಗಿನ ಚಿತ್ರ ಇದೇ. ಆದರೆ ಹತ್ತು ಗಂಟೆ ದಾಟಿತೆಂದರೆ ದಿನ ಬೇರೆ ಬೇರೆ ದಾರಿ ಹಿಡಿಯುತ್ತದೆ. ಪಗಾರ ಇರುವವರಿಗೆ ಸೂಟಿ, ಅಂಗಡಿಕಾರರಿಗೆ ಅರ್ಧ ವ್ಯಾಪಾರ, ಚೀಲದ ಲೆಕ್ಕದಲ್ಲಿ ದುಡಿಯುವ ಹಮಾಲರಿಗೆ ಗಳಿಕೆ ಇಲ್ಲದ ದಿನ. ಈ ಹಬ್ಬ ನಮ್ಮ ತಾಲೂಕುಗಳಲ್ಲಿ ಹೇಗೆ ನಡೆಯುತ್ತದೆ, ಕಾಯ್ದೆ ಏನು ಹೇಳುತ್ತದೆ, ಈ ನೆಲಕ್ಕೂ ಆ ಝೆಂಡಾಕ್ಕೂ ಏನು ನಂಟು ಎಂಬ ಮಾಹಿತಿ ಇಲ್ಲಿದೆ.

ಬೆಳಗಿನ ಹೊತ್ತು

ಜಿಲ್ಲಾ ಮಟ್ಟದ ಕಾರ್ಯಕ್ರಮ ಹಾವೇರಿಯ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣದಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಜಿಲ್ಲಾ ಉಸ್ತುವಾರಿ ಸಚಿವರು ಧ್ವಜ ಏರಿಸಿ ಪಥಸಂಚಲನದ ವಂದನೆ ಸ್ವೀಕರಿಸುತ್ತಾರೆ. ರಾಣೆಬೆನ್ನೂರು, ಬ್ಯಾಡಗಿಯಲ್ಲಿ ತಾಲೂಕು ಆಡಳಿತದ ಕಾರ್ಯಕ್ರಮ, ಅಲ್ಲಿ ತಹಶೀಲ್ದಾರರು ಧ್ವಜಾರೋಹಣ ಮಾಡುತ್ತಾರೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ, ಸಾಲಿ, ಅಂಗನವಾಡಿ, ಹಾಲಿನ ಡೇರಿ, ಸೊಸಾಯಿಟಿ ಹೀಗೆ ಒಂದಾದ ಮೇಲೆ ಒಂದು. ಸಣ್ಣ ಊರಲ್ಲೂ ಹಿರಿಯರು ಮೂರು–ನಾಲ್ಕು ಕಡೆ ನಿಂತು ಸೆಲ್ಯೂಟ್ ಹೊಡೆದು ಮನೆಗೆ ಬರುವಷ್ಟರಲ್ಲಿ ನಾಷ್ಟಾದ ಹೊತ್ತು ಮೀರಿರುತ್ತದೆ.

ಮಕ್ಕಳ ಪ್ರಭಾತ ಫೇರಿ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಹಿಂದಿನ ರಾತ್ರಿಯೇ ಯೂನಿಫಾರ್ಮ್ ತೊಳೆದು ಇಸ್ತ್ರಿ ಮಾಡಿಡುವುದು, ಬಿಳಿ ಬೂಟು ಹುಡುಕುವುದು, ಭಾಷಣ ಬಾಯಿಪಾಠ ಮಾಡಿಸುವುದು ತಾಯಂದಿರ ಪಾಲಿನ ಕೆಲಸ. ಆಗಸ್ಟಿನಲ್ಲಿ ಜಿಟಿಜಿಟಿ ಮಳೆ ಇರುವುದರಿಂದ ಫೇರಿ ಎಷ್ಟೋ ಸಲ ಕೊಡೆ ಹಿಡಿದೇ ಸಾಗುತ್ತದೆ. ಮಾಸ್ತರರಿಗೆ, ಪಂಚಾಯಿತಿ ಸಿಬ್ಬಂದಿಗೆ, ಪೊಲೀಸರಿಗೆ ಇದು ಹೆಸರಿಗಷ್ಟೇ ಸೂಟಿ. ಅವರು ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಮನೆ ಸೇರುವವರು.

ಹೊಲಕ್ಕೆ, ಯಾರ್ಡಿಗೆ ಸೂಟಿ ಇದೆಯೇ?

ರಾಣೆಬೆನ್ನೂರು ಸುತ್ತಮುತ್ತ ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಕಸುಬು. ಹತ್ತಿ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಶುರುವಾದರೆ ಒಂದು ದಿನವೂ ಬಿಡುವಂತಿಲ್ಲ. ಸಂಜೆ ಮೊಗ್ಗಿನ ಗಂಡು ಭಾಗ ಬಿಡಿಸಿಡಬೇಕು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಅರಳಿದ ಹೂ ನಾಳೆಗೆ ಕಾಯುವುದಿಲ್ಲ. ಅದಕ್ಕೇ ಕ್ರಾಸಿಂಗ್ ಕಾಲದಲ್ಲಿ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಆಗಸ್ಟ್ 15 ಕೂಡ ದುಡಿಮೆಯ ದಿನವೇ. ಬೆಳಗಿನ ಕೆಲಸದ ಹೊತ್ತು, ಝೆಂಡಾ ಏರುವ ಹೊತ್ತು ಎರಡೂ ಒಂದೇ ಆಗಿರುವುದರಿಂದ ಮಗಳ ಭಾಷಣ ಕೇಳಲು ಆಗದ ತಾಯಂದಿರು ಬಹಳ.

ಬ್ಯಾಡಗಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಅಲ್ಲಿ ಕೆಲಸ ಬೇಕೆಂದರೂ ಮಾರುಕಟ್ಟೆ ಬಂದ್. ಮೆಣಸಿನಕಾಯಿ ವಹಿವಾಟು ಮುಖ್ಯವಾಗಿ ಸೋಮವಾರ, ಗುರುವಾರ. ಡಿಸೆಂಬರಿನಿಂದ ಮೇವರೆಗೆ ಸುಗ್ಗಿ, ಭರಾಟೆಯ ದಿನಗಳಲ್ಲಿ ಆವಕ ಲಕ್ಷ ಚೀಲ ದಾಟುತ್ತದೆ. ಹೀಗಾಗಿ ಪೇಟೆಗೆ ಆಗಸ್ಟ್ 15ಕ್ಕಿಂತ ಜನವರಿ 26ರ ಸೂಟಿಯೇ ಹೆಚ್ಚು ತಟ್ಟುತ್ತದೆ. ಆಗಸ್ಟಿನಲ್ಲಿ ಕೋಲ್ಡ್ ಸ್ಟೋರೇಜಿನ ಮಾಲು ಬಿಟ್ಟರೆ ಹೊಸ ಮಾಲು ಕಡಿಮೆ. ಜನವರಿಯಲ್ಲಿ ಹಾಗಲ್ಲ. 2023ರಲ್ಲಿ ಗಣರಾಜ್ಯ ದಿನ ಗುರುವಾರ ಬಂದಿತ್ತು, 2026ರಲ್ಲಿ ಸೋಮವಾರ. ಇಂಥ ವರ್ಷ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬರುವ ರೈತರು ಎಪಿಎಂಸಿ ಪ್ರಕಟಣೆ ನೋಡಿಕೊಂಡೇ ಲಾರಿಗೆ ಮಾಲು ಹೇರುವುದು ಒಳ್ಳೆಯದು. ಇಲ್ಲವಾದರೆ ಯಾರ್ಡಿನಲ್ಲಿ ಕಾಯುವ ಖರ್ಚು, ಕಾವಲು ಎಲ್ಲ ರೈತರ ಮೈಮೇಲೆ.

ಚೀಲ ಹೊರುವ ಹಮಾಲರಿಗೆ, ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಮಾಲು ಇದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಸುಗ್ಗಿಯ ನಡುವೆ ಒಂದು ಟೆಂಡರ್ ದಿನ ತಪ್ಪಿದರೆ ಆ ವಾರದ ಸಂತೆಯ ಚೀಲವೂ ಹಗುರಾಗುತ್ತದೆ. ಇವರಲ್ಲಿ ಯಾರಿಗೂ ಹಬ್ಬದ ಮೇಲೆ ಸಿಟ್ಟಿಲ್ಲ, ಮಕ್ಕಳನ್ನು ತಯಾರು ಮಾಡಿ ಸಾಲಿಗೆ ಕಳಿಸುವವರೂ ಇವರೇ. ಆದರೆ ಇವರ ಸೂಟಿಗೆ ಪಗಾರ ಕೊಡುವ ಧಣಿ ಯಾರೂ ಇಲ್ಲ.

ಅಂಗಡಿಕಾರರಿಗೆ ಕಾಯ್ದೆ ಹೇಳುವುದು

ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ಕರ್ನಾಟಕದಲ್ಲಿ 1963ರ ಕಾಯ್ದೆಯೇ ಇದೆ. ಕಾರ್ಖಾನೆಗಳ ಜೊತೆಗೆ ಅಂಗಡಿ, ವಾಣಿಜ್ಯ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 — ಈ ಐದು ದಿನ ಕೆಲಸಗಾರರಿಗೆ ಪಗಾರ ಸಹಿತ ರಜೆ. ಇದರ ಮೇಲೆ ವರ್ಷಕ್ಕೆ ಇನ್ನೂ ಐದು ಹಬ್ಬದ ರಜೆ.

ಅಂಗಡಿ ತೆಗೆಯಲೇಬಾರದು ಎಂದು ಇದರ ಅರ್ಥವಲ್ಲ. ಹೋಟೆಲ್, ಮೆಡಿಕಲ್, ಬೇಕರಿ, ಕಿರಾಣಿ ಆ ದಿನವೂ ನಡೆಯುತ್ತವೆ. ಆದರೆ ಹುಡುಗರನ್ನು ಆ ದಿನ ದುಡಿಸಿಕೊಂಡರೆ ಎರಡು ಪಟ್ಟು ಪಗಾರ ಕೊಡಬೇಕು, ಇಲ್ಲವೇ ಆ ದಿನದ ಪಗಾರದ ಜೊತೆ ಬೇರೊಂದು ದಿನ ಪಗಾರ ಸಹಿತ ರಜೆ ಕೊಡಬೇಕು. ‘ಬೆಳಿಗ್ಗೆ ಝೆಂಡಾಕ್ಕ ಹೋಗಿ ಬಾ, ಆಮ್ಯಾಲೆ ಅಂಗಡಿ ತಗಿ’ ಅಂದರೆ ಅದು ರಜೆಯಲ್ಲ. ಬಟ್ಟೆ ಅಂಗಡಿ, ಮೊಬೈಲ್ ಅಂಗಡಿಗಳಲ್ಲಿ ಆಫರ್ ಹಚ್ಚಿ ವ್ಯಾಪಾರ ಹೆಚ್ಚಿಸಿಕೊಳ್ಳುವ ದಿನವೂ ಇದೇ ಆದ್ದರಿಂದ ಈ ಲೆಕ್ಕ ಮರೆಯಬಾರದು. ಅಕ್ಟೋಬರ್ 2ರಂದು ಮದ್ಯದಂಗಡಿ ಪೂರ್ತಿ ಬಂದ್ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು.

ಝೆಂಡಾದ ನಿಯಮ

ಬಿಐಎಸ್ ಗುರುತಿನ ಖಾದಿ ಧ್ವಜ ತಯಾರಾಗುವುದು ನಮ್ಮ ಪಕ್ಕದಲ್ಲೇ, ಹುಬ್ಬಳ್ಳಿಯ ಬೆಂಗೇರಿಯಲ್ಲಿ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕ ಅದು. ಧ್ವಜದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯಲ್ಪಡುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್, ಮಷಿನ್ ಧ್ವಜಕ್ಕೂ ಒಪ್ಪಿಗೆ ಕೊಡಲಾಯಿತು. ಬೆಂಗೇರಿಯ ಸಂಘ ಅದನ್ನು ವಿರೋಧಿಸಿ ಪ್ರತಿಭಟಿಸಿತ್ತು. 2022ರ ಜುಲೈ ತಿದ್ದುಪಡಿಯ ನಂತರ ಮನೆ, ಅಂಗಡಿ ಮೇಲೆ ಹಗಲು ರಾತ್ರಿ ಧ್ವಜ ಹಾರಿಸಬಹುದು.

ಉಳಿದ ನಿಯಮ ಹಾಗೇ ಇವೆ. ಉದ್ದ, ಅಗಲ 3:2 ಇರಬೇಕು. ಕೇಸರಿ ಮೇಲೆ ಬರಬೇಕು. ಧ್ವಜದ ಮೇಲೆ ಅಂಗಡಿ ಹೆಸರಾಗಲಿ, ಶುಭಾಶಯವಾಗಲಿ ಬರೆಯುವಂತಿಲ್ಲ. ಟೇಬಲ್ ಮೇಲೆ ಹಾಸುವಂತಿಲ್ಲ, ಗಾಡಿಗೆ ಹೊದಿಸುವಂತಿಲ್ಲ. ಹರಿದ, ಮಾಸಿದ ಧ್ವಜ ಹಾರಿಸಬಾರದು, ಅದನ್ನು ಖಾಸಗಿಯಾಗಿ ಗೌರವದಿಂದ ಸುಟ್ಟು ವಿಲೇವಾರಿ ಮಾಡಬೇಕು. ಧ್ವಜಕ್ಕೆ ಅವಮಾನ ಮಾಡಿದರೆ 1971ರ ಕಾಯ್ದೆಯಂತೆ ಮೂರು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಸೂಟಿ ಇಲ್ಲದ ಇನ್ನೊಂದು ದಿನ

ನಮ್ಮ ಭಾಗದವರಿಗೆ ಆಗಸ್ಟ್ 15ರ ಅರ್ಥ ತಿಳಿಯಬೇಕಾದರೆ ಏಪ್ರಿಲ್ 1 ಗೊತ್ತಿರಬೇಕು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ತಂಡದಲ್ಲಿದ್ದ ಕನ್ನಡಿಗ. ಆಗ ಅವರಿಗೆ 18 ವರ್ಷ. ಊರಿಗೆ ಮರಳಿ ಹಾವೇರಿ ತಾಲೂಕಿನ ಕೊರಡೂರಿನಲ್ಲಿ ಆಶ್ರಮ ಕಟ್ಟಿ ಖಾದಿ ಕೆಲಸಕ್ಕೆ ನಿಂತರು. ಪತ್ನಿ ಸಿದ್ದಮ್ಮ ಕೂಡ ಚಳವಳಿಯಲ್ಲಿ ಜೈಲು ಕಂಡವರು. ಕ್ವಿಟ್ ಇಂಡಿಯಾ ಚಳವಳಿ ಕಾವಿನಲ್ಲಿದ್ದಾಗ, 1943ರ ಏಪ್ರಿಲ್ 1ರಂದು, ರೈತರಿಂದ ವಸೂಲಾದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೊಸರಿತ್ತಿಗೆ ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಅಂದೇ ಹುತಾತ್ಮರಾದರು.

ಹಾವೇರಿಯ ವೀರಸೌಧ ಈ ಮೂವರ ಸ್ಮಾರಕ. ಹಾವೇರಿ ರೈಲು ನಿಲ್ದಾಣಕ್ಕೂ ಈಗ ಮಹಾದೇವಪ್ಪನವರ ಹೆಸರೇ ಇದೆ. ಏಪ್ರಿಲ್ 1ಕ್ಕೆ ಸೂಟಿಯಿಲ್ಲ, ಆಫರ್ ಇಲ್ಲ. ಬ್ಯಾಡಗಿ ಯಾರ್ಡಿನಲ್ಲಿ ಆಗ ಸುಗ್ಗಿಯ ಗದ್ದಲ. ರೈತರ ಕಂದಾಯದ ದುಡ್ಡು ಪರಕೀಯ ಸರ್ಕಾರಕ್ಕೆ ಹೋಗಬಾರದು ಅಂತ ಜೀವ ಕೊಟ್ಟವರನ್ನು ರೈತರು, ಹಮಾಲರು ದುಡಿಯುವ ದಿನವೇ ನೆನೆಯಬೇಕಾಗುತ್ತದೆ.

ಈ ಸಲ ಮಾಡಬಹುದಾದದ್ದು

- ಅಂಗಡಿ ತೆರೆಯುವವರು ಕೆಲಸಗಾರರಿಗೆ ಎರಡು ಪಟ್ಟು ಪಗಾರವೋ ಬದಲಿ ರಜೆಯೋ ಎಂಬುದನ್ನು ಮೊದಲೇ ಹೇಳಿಬಿಡಿ.
- ಧ್ವಜ ಕೊಳ್ಳುವಾಗ ಅಳತೆ, ಬಣ್ಣ ನೋಡಿ. ಸಾಧ್ಯವಾದರೆ ಖಾದಿ ಧ್ವಜವನ್ನೇ ಕೊಳ್ಳಿ.
- ಮಕ್ಕಳ ಕೈಗೆ ಕೊಟ್ಟ ಕಾಗದದ ಧ್ವಜ ಮರುದಿನ ಗಟಾರಿಗೆ ಬೀಳದಂತೆ ಸಂಜೆಯೇ ತೆಗೆದಿಡಿ.
- ಮಧ್ಯಾಹ್ನ ಬಿಡುವಿದ್ದರೆ ಮಕ್ಕಳನ್ನು ಕರೆದುಕೊಂಡು ವೀರಸೌಧ, ಮೋಟೆಬೆನ್ನೂರು ಅಥವಾ ಹೊಸರಿತ್ತಿಗೆ ಒಂದು ಸುತ್ತು ಹೋಗಿ ಬನ್ನಿ. ಬೆಳಿಗ್ಗೆ ಭಾಷಣದಲ್ಲಿ ಹೇಳಿದ ಹೆಸರುಗಳ ಜೊತೆ ನಮ್ಮೂರಿನ ಮೂರು ಹೆಸರೂ ಅವರಿಗೆ ಗೊತ್ತಾಗಲಿ.