ಉತ್ಕರ್ಷಣ ಒತ್ತಡ, ಜೀವನಶೈಲಿ ಮತ್ತು ಮಹಿಳೆಯರ ಫಲವತ್ತತೆ: ಸಾರ್ವಜನಿಕರ ಮಾಹಿತಿಗಾಗಿ

ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗೆ ಬರುವ ದಂಪತಿಗಳ ಪೈಕಿ, ಅದಕ್ಕೂ ಮೊದಲೇ ತಿಂಗಳುಗಟ್ಟಲೆ ‘ಆಂಟಿಆಕ್ಸಿಡೆಂಟ್’ ಮಾತ್ರೆಗಳನ್ನು ಸೇವಿಸಿರುವವರು ಇರುತ್ತಾರೆ. ಸದರಿ ಮಾತ್ರೆಗಳ ಹಿಂದಿರುವ ವಿಜ್ಞಾನ ಸುಳ್ಳಲ್ಲ. ಆದರೆ ಅದರಿಂದ ಮಾತ್ರೆಯೇ ಪರಿಹಾರವೆಂದು ಸಿದ್ಧವಾಗುವುದಿಲ್ಲ. ಈ ವಿಷಯದಲ್ಲಿ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಯಾವುದೇ ಗರ್ಭನಿರೋಧಕ ಕ್ರಮವನ್ನು ಅನುಸರಿಸದೆ 12 ತಿಂಗಳು ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದಲ್ಲಿ ಅದನ್ನು ಬಂಜೆತನವೆಂದು ವೈದ್ಯಶಾಸ್ತ್ರವು ಪರಿಗಣಿಸುತ್ತದೆ. (‘ಬಂಜೆ’ ಎಂಬ ಮಾತು ಹೆಣ್ಣಿಗೆ ಮಾತ್ರ ಅಂಟಿಕೊಂಡಿರುವುದು ನಮ್ಮ ಭಾಷೆಯ ದೋಷ, ಈ ಸ್ಥಿತಿ ದಂಪತಿಗಳಿಬ್ಬರಿಗೂ ಸೇರಿದ್ದು.) ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯಂತೆ, ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಎದುರಿಸುತ್ತಾರೆ. ಮಹಿಳೆಯ ವಯಸ್ಸು 35 ದಾಟಿದ್ದಲ್ಲಿ 12 ತಿಂಗಳು ಕಾಯದೆ, 6 ತಿಂಗಳಿಗೇ ತಪಾಸಣೆಗೆ ಹೋಗುವುದು ಸೂಕ್ತ.

ಉತ್ಕರ್ಷಣ ಒತ್ತಡವೆಂದರೇನು?

ಇದು ಮನಸ್ಸಿನ ಒತ್ತಡವಲ್ಲ. ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಉತ್ಪಾದಿಸುವಾಗ ಅತಿ ಚುರುಕಾದ ಕೆಲವು ಅಣುಗಳು ಉಳಿಕೆಯಾಗಿ ಹೊರಬೀಳುತ್ತವೆ. ಇವು ಕೋಶದ ಪೊರೆಯನ್ನೂ ಪ್ರೋಟೀನನ್ನೂ ಡಿ.ಎನ್.ಎ.ಯನ್ನೂ ಘಾಸಿಗೊಳಿಸಬಲ್ಲವು. ಇವುಗಳನ್ನು ತಣಿಸಲು ದೇಹದಲ್ಲಿಯೇ ಗ್ಲುಟಾಥಯೋನ್, ಕ್ಯಾಟಲೇಸ್ ಮುಂತಾದ ವ್ಯವಸ್ಥೆಗಳಿವೆ. ಲೆಕ್ಕಪತ್ರ ಬಲ್ಲವರಿಗೆ ಇದನ್ನು ಜಮಾ ಮತ್ತು ಖರ್ಚು ಎಂದರೆ ಸುಲಭವಾಗಿ ಅರ್ಥವಾದೀತು. ಖರ್ಚು ಬಹುಕಾಲ ಜಮಾಕ್ಕಿಂತ ಹೆಚ್ಚಾಗಿ ಉಳಿಯುವ ಸ್ಥಿತಿಯೇ ಉತ್ಕರ್ಷಣ ಒತ್ತಡ. ಹಾಗೆಂದು ಈ ಅಣುಗಳನ್ನು ಸಂಪೂರ್ಣವಾಗಿ ಇಲ್ಲವಾಗಿಸುವುದೂ ಸರಿಯಲ್ಲ. ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗುವ ಕ್ರಿಯೆಗೆ ಇವು ಮಿತ ಪ್ರಮಾಣದಲ್ಲಿ ಅಗತ್ಯವೆಂದು ಪ್ರಾಣಿಗಳ ಮೇಲಿನ ಅಧ್ಯಯನಗಳು ತೋರಿಸಿವೆ.

ಮಹಿಳೆಯರಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವ ಬರಲು ಕಾರಣವಿದೆ. ಪುರುಷನಲ್ಲಿ ವೀರ್ಯಾಣುಗಳು ನಿರಂತರವಾಗಿ ಹೊಸದಾಗಿ ಉತ್ಪತ್ತಿಯಾಗುತ್ತವೆ. ಹೆಣ್ಣುಮಗು ಜನಿಸುವಾಗಲೇ ಆಕೆಯ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಋತುಮತಿಯಾಗುವ ವೇಳೆಗೆ 3ರಿಂದ 4 ಲಕ್ಷ ಉಳಿದಿರುತ್ತವೆ. 35ನೆಯ ವಯಸ್ಸಿನಲ್ಲಿ ಬಿಡುಗಡೆಯಾಗುವ ಅಂಡಾಣುವು 35 ವರ್ಷ ಅರೆನಿದ್ರೆಯಲ್ಲಿದ್ದು, ಅಷ್ಟೂ ಕಾಲ ದೇಹ ಕಂಡ ಹೊಗೆ, ಕಾಯಿಲೆ, ಪೋಷಣೆಗಳನ್ನು ತಾನೂ ಕಂಡಿರುತ್ತದೆ. ಅದರೊಳಗಿನ ಶಕ್ತಿಕಣಗಳಾದ ಮೈಟೋಕಾಂಡ್ರಿಯಗಳು ವಯಸ್ಸಾದಂತೆ ದುರ್ಬಲವಾಗುತ್ತವೆ. ಕೋಶ ವಿಭಜನೆಯ ಹೊತ್ತಿನಲ್ಲಿ ವರ್ಣತಂತುಗಳು ಸರಿಯಾಗಿ ಬೇರ್ಪಡದಿರುವ ಸಂಭವ ಹೆಚ್ಚುತ್ತದೆ. ವಯಸ್ಸಿನೊಂದಿಗೆ ಗರ್ಭಪಾತಗಳು ಹೆಚ್ಚುವುದಕ್ಕೆ ಇದು ಪ್ರಮುಖ ಕಾರಣ. ಈ ಅಂಶವನ್ನು ಯಾವ ಜೀವನಶೈಲಿಯೂ ಹಿಂದಕ್ಕೆ ತಿರುಗಿಸಲಾರದು.

ತಂಬಾಕು ಮತ್ತು ಹೊಗೆ

ಬದಲಾಯಿಸಲು ಸಾಧ್ಯವಿರುವ ಅಂಶಗಳಲ್ಲಿ ಮೊದಲನೆಯದು ತಂಬಾಕು. ಧೂಮಪಾನ ಮಾಡುವ ಮಹಿಳೆಯರಲ್ಲಿ ಮುಟ್ಟು ನಿಲ್ಲುವುದು ಇತರರಿಗಿಂತ 1ರಿಂದ 4 ವರ್ಷ ಮುಂಚೆಯೇ ಆಗುತ್ತದೆ. ಹೊಗೆಯಲ್ಲಿರುವ ಕ್ಯಾಡ್ಮಿಯಂ ಮತ್ತಿತರ ವಿಷಗಳು ಅಂಡಾಶಯವನ್ನು ತಲುಪುತ್ತವೆ. ನಿಕೋಟಿನ್‌ನ ಅವಶೇಷವಾದ ಕೋಟಿನೈನ್, ಅಂಡಾಣುವನ್ನು ಸುತ್ತುವರಿದ ದ್ರವದಲ್ಲಿಯೇ ಪತ್ತೆಯಾಗಿದೆ.

‘ನಮ್ಮ ಮನೆಯ ಹೆಂಗಸರು ಬೀಡಿ ಸಿಗರೇಟು ಸೇದುವುದಿಲ್ಲ’ ಎಂದು ಈ ಭಾಗವನ್ನು ಓದದೆ ಬಿಡುವುದು ಸರಿಯಲ್ಲ. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಹಾಕಿಕೊಳ್ಳುವ ಮಹಿಳೆಯರು ನಮ್ಮ ರಾಜ್ಯದಲ್ಲಿ ಕಡಿಮೆಯೇನಿಲ್ಲ. ವೈದ್ಯರು ಕೇಳಿದಾಗ ಅದನ್ನು ತಂಬಾಕು ಎಂದು ಹೇಳದೆ ಹೋಗುವುದೇ ಹೆಚ್ಚು. ಪತಿ ಮನೆಯೊಳಗೆ ಸೇದಿದ ಹೊಗೆಯೂ ಪತ್ನಿಯ ಲೆಕ್ಕಕ್ಕೆ ಸೇರುತ್ತದೆ. ಸೌದೆ ಒಲೆಯ ಹೊಗೆಯೂ ಉತ್ಕರ್ಷಣ ಒತ್ತಡವನ್ನು ಹೆಚ್ಚಿಸುವಂಥದ್ದೇ. ಅಡುಗೆಗೆ ಗ್ಯಾಸ್ ಬಂದ ಮೇಲೂ ಬಚ್ಚಲಿನ ಹಂಡೆಗೆ ಪ್ರತಿದಿನ ಸೌದೆ, ತೆಂಗಿನ ಗರಿ, ಕೆಲವೊಮ್ಮೆ ಪ್ಲಾಸ್ಟಿಕ್ ಸಹಿತ ಉರಿಸುವ ಮನೆಗಳಿವೆ. ಪ್ಲಾಸ್ಟಿಕ್ ಉರಿಸುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ಹೊಗೆ ಹೊರಹೋಗಲು ದಾರಿ ಮಾಡತಕ್ಕದ್ದು.

ದೇಹತೂಕ ಹಾಗೂ ಇತರ ಅಂಶಗಳು

ಅತಿತೂಕವಿದ್ದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ, ದೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತ ನಿರಂತರವಾಗಿದ್ದು ಉತ್ಕರ್ಷಣ ಒತ್ತಡ ಹೆಚ್ಚುತ್ತದೆ. ಪಿ.ಸಿ.ಒ.ಎಸ್. ಇರುವ, ತೂಕ ಹೆಚ್ಚಿರುವ ಮಹಿಳೆಯರು ಒಟ್ಟು ತೂಕದ ಶೇಕಡ 5ರಿಂದ 10ರಷ್ಟನ್ನು ಇಳಿಸಿದರೂ ಅನೇಕರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. 70 ಕಿಲೋ ತೂಕದವರಿಗೆ ಇದು ಮೂರೂವರೆಯಿಂದ ಏಳು ಕಿಲೋ ಮಾತ್ರ. ಅತಿ ಕಡಿಮೆ ತೂಕವೂ ಅಂಡಾಣು ಬಿಡುಗಡೆಯನ್ನು ತಡೆಯುತ್ತದೆಯಾದ್ದರಿಂದ ಉಪವಾಸ ಮಾರ್ಗವಲ್ಲ. ಮದ್ಯವನ್ನು ಬಿಡುವುದು ಕ್ಷೇಮ; ದಿನಕ್ಕೆ ಒಂದೆರಡು ಲೋಟ ಕಾಫಿಗೆ ಹೆದರಬೇಕಾಗಿಲ್ಲ. ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯಲ್ಲಿ ಹೊಟ್ಟೆಯೊಳಗೆ ಸೋರಿದ ರಕ್ತದ ಕಬ್ಬಿಣಾಂಶವು ಉತ್ಕರ್ಷಣ ಒತ್ತಡವನ್ನು ಉಂಟುಮಾಡುತ್ತದೆ. ಇದು ಯಾರ ನಡವಳಿಕೆಯ ಫಲವೂ ಅಲ್ಲ.

ಮಾತ್ರೆಗಳ ಬಗ್ಗೆ

ಕಾಕ್ರೇನ್ ಸಂಸ್ಥೆಯು 2020ರಲ್ಲಿ ಈ ಮಾತ್ರೆಗಳ ಕುರಿತಾದ 63 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿತು. ಸ್ವಲ್ಪ ಪ್ರಯೋಜನವಿರಬಹುದಾದರೂ ಪುರಾವೆಯ ಗುಣಮಟ್ಟ ಕಡಿಮೆ ಅಥವಾ ಅತಿ ಕಡಿಮೆ ಎಂಬುದು ಅದರ ಅಭಿಪ್ರಾಯ. ನೈಸರ್ಗಿಕವೆಂದ ಮಾತ್ರಕ್ಕೆ ನಿರಪಾಯವೆಂದೂ ಭಾವಿಸಲಾಗದು. ಫಿನ್‌ಲ್ಯಾಂಡಿನ ಧೂಮಪಾನಿ ಪುರುಷರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ನೀಡಿದಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾದುದು 1994ರಲ್ಲಿ ವರದಿಯಾಗಿದೆ. ‘ಎ’ ಜೀವಸತ್ವದ ಅಧಿಕ ಪ್ರಮಾಣವು ಭ್ರೂಣಕ್ಕೆ ಹಾನಿಕರ. ನೆಲ್ಲಿಕಾಯಿ, ಸೀಬೆ, ನುಗ್ಗೆ ಸೊಪ್ಪು, ಕಾಳುಗಳನ್ನು ಆಹಾರದಲ್ಲಿ ಬಳಸಲು ಯಾವ ಆಕ್ಷೇಪಣೆಯೂ ಇಲ್ಲ. ಗರ್ಭಕ್ಕೆ ಮುನ್ನವೇ ಆರಂಭಿಸಬೇಕಾದುದೆಂದು ಖಚಿತಪಟ್ಟಿರುವ ಮಾತ್ರೆ ಫೋಲಿಕ್ ಆಮ್ಲ, ದಿನಕ್ಕೆ 400 ಮೈಕ್ರೊಗ್ರಾಂ. ಅದು ಇರುವುದು ಮಗುವಿನ ಬೆನ್ನುಹುರಿಯ ದೋಷವನ್ನು ತಡೆಯಲು, ಗರ್ಭ ನಿಲ್ಲಿಸಲು ಅಲ್ಲ.

ಮಾತ್ರೆಯ ಬೆಲೆಗಿಂತ ಕಳೆದುಹೋಗುವ ಕಾಲ ದೊಡ್ಡ ನಷ್ಟ. ಗರ್ಭನಾಳ ಮುಚ್ಚಿದ್ದರೆ ಯಾವ ಆಂಟಿಆಕ್ಸಿಡೆಂಟ್ ಅದನ್ನು ತೆರೆಯದು. ನಮ್ಮ ದೇಶದಲ್ಲಿ ಇದಕ್ಕೆ ಜನನಾಂಗದ ಕ್ಷಯರೋಗವೂ ಒಂದು ಮುಖ್ಯ ಕಾರಣವಾಗಿದ್ದು, ಕೆಮ್ಮಿಲ್ಲದೆಯೂ ಅದು ಇರಬಹುದು.

ತಪಾಸಣೆಗೆ ಬರುವವರ ಗಮನಕ್ಕೆ

ಪತಿ ಪತ್ನಿ ಇಬ್ಬರೂ ಒಟ್ಟಿಗೆ ಬರತಕ್ಕದ್ದು. ಸರಿಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆಯು ಸರಳವೂ ನೋವಿಲ್ಲದ್ದೂ ಆಗಿದ್ದು, ಅದನ್ನು ಬಿಟ್ಟು ಪತ್ನಿಯೊಬ್ಬಳನ್ನೇ ವರ್ಷಗಟ್ಟಲೆ ಪರೀಕ್ಷೆಗಳಿಗೆ ಒಳಪಡಿಸುವುದು ನ್ಯಾಯವಲ್ಲ. ಕಳೆದ ಕೆಲವು ತಿಂಗಳ ಮುಟ್ಟಿನ ದಿನಾಂಕಗಳು, ಹಿಂದಿನ ವರದಿಗಳು ಮತ್ತು ಸೇವಿಸಿದ ಮಾತ್ರೆಗಳ ಪಟ್ಟಿಯನ್ನು ತರಬೇಕು. ಎ.ಎಂ.ಎಚ್. ಎಂಬ ರಕ್ತಪರೀಕ್ಷೆಯು ಉಳಿದ ಅಂಡಾಣುಗಳ ಸಂಖ್ಯೆಯನ್ನು ಅಂದಾಜಿಸುತ್ತದೆಯೇ ವಿನಾ ಗುಣಮಟ್ಟವನ್ನಲ್ಲ.

ಪ್ರನಾಳ ಶಿಶು ಮುಂತಾದ ಚಿಕಿತ್ಸೆಗಳಿಗೆ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಅಧಿನಿಯಮವು ಅನ್ವಯಿಸುತ್ತದೆ. ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷಗಳ ವಯೋಮಿತಿಯಿದ್ದು, ನೋಂದಾಯಿತ ಕ್ಲಿನಿಕ್‌ಗಳು ಮಾತ್ರ ಈ ಸೇವೆಯನ್ನು ನೀಡಬಹುದು. ಹಣ ಪಾವತಿಸುವ ಮೊದಲು ನೋಂದಣಿ ಪ್ರಮಾಣಪತ್ರವನ್ನು ಕೇಳಿ ನೋಡತಕ್ಕದ್ದು.

ಮಕ್ಕಳಾಗಲಿಲ್ಲವೆಂಬ ಕಾರಣಕ್ಕೆ ಪತ್ನಿಯನ್ನು ತವರಿಗೆ ಕಳುಹಿಸುವುದಾಗಿ ಬೆದರಿಸುವ ಪ್ರಕರಣಗಳು ಇಂದಿಗೂ ಇವೆ. 1955ರ ಹಿಂದೂ ವಿವಾಹ ಅಧಿನಿಯಮವು ಮಕ್ಕಳಾಗದಿರುವುದನ್ನು ವಿಚ್ಛೇದನಕ್ಕೆ ಕಾರಣವೆಂದು ಹೇಳಿಲ್ಲ. ಇಂತಹ ಹಿಂಸೆಗೆ ಒಳಗಾದ ಮಹಿಳೆಯರು 181 ಮಹಿಳಾ ಸಹಾಯವಾಣಿಯನ್ನು ಸಂಪರ್ಕಿಸಬಹುದು.