ಬೆಳ್ಳಿತೆರೆಯ ಮೇಲೆ ಒಡೆಯನೂ ಆಳೂ

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಭೂಮಿಯನ್ನು ದತ್ತಿಯಾಗಿ ಬಿಟ್ಟವನ ಹೆಸರು ಕಲ್ಲಿನ ಮೇಲೆ ಉಂಟು. ಪಡೆದವನ ಹೆಸರು ಉಂಟು. ಭೂಮಿಯ ನಾಲ್ಕು ಎಲ್ಲೆಗಳೂ ಉಂಟು. ಅದನ್ನು ಉತ್ತು ಬಿತ್ತಿದ ಆಳಿನ ಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಬರೆಯಿಸಿದವರಿಗೆ ಅದು ಬೇಕಾಗಿರಲಿಲ್ಲ. ಆದುದರಿಂದ ಒಡೆಯನಿಗೂ ಆಳಿಗೂ ನಡುವಣ ತಿಕ್ಕಾಟದ ಚರಿತ್ರೆಯನ್ನು ಅರಿಯಬಯಸುವವರು ಬೇರೆ ಕಡೆಗೂ ಕಣ್ಣು ಹಾಯಿಸಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಮಟ್ಟಿಗೆ ಕನ್ನಡ ಚಲಚ್ಚಿತ್ರವೂ ಅಂತಹದೊಂದು ಆಕರವೆಂದರೆ ವಾಚಕರು ಆಶ್ಚರ್ಯಪಡಬೇಕಾಗಿಲ್ಲ. ಹನ್ನೆರಡು ವರ್ಷಗಳ ಅವಧಿಯೊಳಗೆ ಬಂದ ಮೂರು ಚಿತ್ರಗಳನ್ನು ಇಲ್ಲಿ ಸಾಲಾಗಿ ನೋಡೋಣ.

ಮೊದಲನೆಯದು 1974ರ ‘ಭೂತಯ್ಯನ ಮಗ ಅಯ್ಯು’. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಸಿದ್ದಲಿಂಗಯ್ಯನವರು ತೆರೆಗೆ ತಂದರು. ಇಲ್ಲಿ ಶೋಷಣೆಗೆ ಒಂದು ಮುಖವಿದೆ. ಎಂ. ಪಿ. ಶಂಕರ್ ಅಭಿನಯಿಸಿದ ಭೂತಯ್ಯ ಸಾಲ ಕೊಟ್ಟು ಊರನ್ನೇ ಹಿಂಡುವ ಮನುಷ್ಯ. ಅವನು ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರವರು ಬರುವುದಿಲ್ಲ. ಬದುಕಿದ್ದಾಗ ಎದುರಾಡಲಾರದ ಜನ ಸತ್ತ ಮೇಲೆ ತಮ್ಮ ತೀರ್ಪನ್ನು ಹೀಗೆ ಕೊಡುತ್ತಾರೆ. ಆದರೂ ಕಥೆ ಮಗನ ಮನಃಪರಿವರ್ತನೆಯಲ್ಲಿಯೂ ಹೊಳೆಯ ಮಹಾಪೂರದಲ್ಲಿಯೂ ಸಮಾಧಾನವನ್ನು ಕಂಡುಕೊಳ್ಳುತ್ತದೆ. ಕೆಟ್ಟವನು ಹೋದ, ಅವನ ಮಗ ಒಳ್ಳೆಯವನಾದ. ನೋಡಿದವರು ಹಗುರ ಮನಸ್ಸಿನಿಂದ ಮನೆಗೆ ಮರಳಬಹುದು.

ಮರುವರ್ಷದ ಚಿತ್ರ ಹಾಗೆ ಮರಳಗೊಡಲಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ನಾಲ್ಕು ದಶಕಗಳ ತರುವಾಯ, 1975ರಲ್ಲಿ, ಅದೇ ದಕ್ಷಿಣ ಕನ್ನಡದ ಮತ್ತೊಬ್ಬ ಕಾರಂತರು, ಬಿ. ವಿ. ಕಾರಂತರು, ಅದನ್ನು ಚಿತ್ರವಾಗಿಸಿದರು. ಚಿತ್ರಕ್ಕೆ ಸ್ವರ್ಣಕಮಲವೂ, ಚೋಮನಾಗಿ ಅಭಿನಯಿಸಿದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯೂ ದೊರೆತವು.

ಚೋಮ ಊರು ಅಸ್ಪೃಶ್ಯನೆಂದು ದೂರವಿಟ್ಟ ಜೀತದಾಳು. ಅವನಿಗಿರುವುದು ಒಂದೇ ಆಸೆ: ತಾನೂ ಒಂದು ತುಂಡು ಗದ್ದೆಯನ್ನು ಗೇಣಿಗೆ ಹಿಡಿದು ಬೇಸಾಯಗಾರ ಎನಿಸಿಕೊಳ್ಳಬೇಕು. ಅದಕ್ಕಾಗಿ ಎರಡು ಎತ್ತುಗಳನ್ನು ಸಾಕಿಕೊಂಡಿದ್ದಾನೆ. ಎತ್ತು ಉಂಟು, ತೋಳಿನಲ್ಲಿ ಬಲ ಉಂಟು, ನೆಲ ಮಾತ್ರ ಇಲ್ಲ. ಒಡೆಯ ಸಂಕಪ್ಪಯ್ಯ ಭೂತಯ್ಯನಂತಹವನಲ್ಲ. ಅವನಲ್ಲಿ ಕನಿಕರವೂ ಇದೆ. ಆದರೆ ಮನೆಯ ಹಿರಿಯರ ಮಾತೂ ಊರಿನ ಕಟ್ಟಳೆಯೂ ಆ ಕನಿಕರಕ್ಕಿಂತ ದೊಡ್ಡವು. ಇತ್ತ ಕಾಫಿ ತೋಟದ ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಎಳೆಯ ಮಗನೊಬ್ಬ ಹೊಳೆಯಲ್ಲಿ ಮುಳುಗುತ್ತಿರುವಾಗ ದಡದಲ್ಲಿ ಜನರಿದ್ದಾರೆ; ಮುಟ್ಟಿದರೆ ಮೈಲಿಗೆಯೆಂದು ಅವನನ್ನು ಎತ್ತುವವರಿಲ್ಲ. ಅಲ್ಲಿ ಯಾರೂ ಕೈ ಎತ್ತಿ ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ. ಸುಮ್ಮನೆ ನಿಂತರು, ಅಷ್ಟೆ. ಹುಡುಗ ಸತ್ತ.

ಕಾವ್ಯಮೀಮಾಂಸೆಯನ್ನು ಬಲ್ಲವರು ಇದನ್ನು ಧ್ವನಿಯೆಂದು ಗುರುತಿಸುತ್ತಾರೆ. ಬಾಯಿಬಿಟ್ಟು ಹೇಳಿದ್ದು ವಾಚ್ಯ. ಹೇಳದೆಯೇ ಸಹೃದಯನ ಮನಸ್ಸಿಗೆ ಮುಟ್ಟಿಸಿದ್ದು ಧ್ವನಿ. ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ಕಾಶ್ಮೀರದಲ್ಲಿ ಈ ತತ್ತ್ವವನ್ನು ವಿಸ್ತರಿಸಿದನು; ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ದಲ್ಲಿಯೂ ಧ್ವನಿಯ ಪ್ರಸ್ತಾಪವುಂಟು. ಚೋಮನು ಒಡೆಯನ ಮುಂದೆ ಬಿಚ್ಚಿಡಲಾರದ ಮಾತು ರಾತ್ರಿ ಗುಡಿಸಲಿನಲ್ಲಿ ದುಡಿಯ ಬಡಿತವಾಗುತ್ತದೆ. ಸಂತೋಷಕ್ಕೂ ಅದೇ ದುಡಿ, ಸಂಕಟಕ್ಕೂ ಅದೇ ದುಡಿ. ಕೊನೆಗೆ ಎತ್ತುಗಳನ್ನು ಅಟ್ಟಿಬಿಟ್ಟು, ಬಾಗಿಲು ಮುಚ್ಚಿಕೊಂಡು, ಅವನು ಬಡಿಯುವ ಬಡಿತಕ್ಕೆ ಯಾವ ಭಾಷಣವೂ ಸಮನಾಗಲಾರದು.

ಚಿತ್ರ ಬಂದ ಕಾಲವನ್ನೂ ನೆನೆಯಬೇಕು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಭೂಸುಧಾರಣೆಯ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಿತ್ತು; ‘ಉಳುವವನೇ ಹೊಲದೊಡೆಯ’ ಎಂಬ ಮಾತು ಮನೆಮಾತಾಗಿತ್ತು. ಜೀತಪದ್ಧತಿಯನ್ನು ರದ್ದುಗೊಳಿಸುವ ಕೇಂದ್ರದ ಕಾಯಿದೆ 1976ರಲ್ಲಿ ಬಂತು. ಈ ಎರಡರ ನಡುವೆ ಚೋಮನು ತೆರೆಯ ಮೇಲೆ ಕಾಣಿಸಿಕೊಂಡನು. ಭೂಸುಧಾರಣೆಯಿಂದ ನೆಲ ದೊರೆತದ್ದು ಮುಖ್ಯವಾಗಿ ಗೇಣಿದಾರರಿಗೆ, ಮತ್ತು ಅದು ಸಣ್ಣ ಉಪಕಾರವಲ್ಲ. ಆದರೆ ಚೋಮನು ಗೇಣಿದಾರನಲ್ಲ. ಗೇಣಿದಾರನಾಗುವುದೇ ಅವನಿಗೆ ಕೈಗೆಟುಕದ ಕನಸಾಗಿದ್ದಿತು. ಗೇಣಿಯ ಚೀಟಿಯೇ ಇಲ್ಲದವನು ಯಾವ ಕಚೇರಿಗೆ ಅರ್ಜಿ ಹಾಕಿಯಾನು? ಆ ಪ್ರಶ್ನೆಯನ್ನು ಚಿತ್ರ ಬಾಯಿಬಿಟ್ಟು ಕೇಳಲಿಲ್ಲ. ಆ ವರ್ಷ ಅದನ್ನು ನೋಡಿದವರ ಮನಸ್ಸಿನಲ್ಲಿ ಅದು ತಾನಾಗಿ ಏಳುವಂತಿತ್ತು.

ಮೂರನೆಯದು ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಇದು 1986ರ ಸಾಲಿನ ಸ್ವರ್ಣಕಮಲವನ್ನು ಪಡೆಯಿತು. ತಬರನಾಗಿ ಅಭಿನಯಿಸಿದ ಚಾರುಹಾಸನ್ ಅವರು ಶ್ರೇಷ್ಠ ನಟರೆನಿಸಿದರು. ಇಲ್ಲಿ ಒಡೆಯನೇ ಕಾಣುವುದಿಲ್ಲ. ತಬರ ಸರಕಾರದ ಕೆಳದರ್ಜೆಯ ನೌಕರ; ಬ್ರಿಟಿಷರ ಕಾಲದಿಂದಲೂ ನಿಷ್ಠೆಯಿಂದ ದುಡಿದವನು. ಕಾಫಿ ಬೆಳೆಗಾರರಿಂದ ತೆರಿಗೆ ವಸೂಲು ಮಾಡುವ ಕೆಲಸ ಅವನ ಪಾಲಿಗೆ ಬಂದಾಗ, ಉಳ್ಳವರು ಕೊಡಲೊಲ್ಲರು. ಆ ಗೋಜಲು ಅವನ ನಿವೃತ್ತಿಯ ಕಾಗದಗಳಿಗೆ ಅಂಟಿಕೊಂಡು, ಪಿಂಚಣಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ. ಚಿಕಿತ್ಸೆಗೆ ಹಣವಿಲ್ಲದೆ ತಬರ ಕಟುಕನ ಬಳಿಗೆ ಹೋಗಿ, ಆ ಕಾಲನ್ನು ಕಡಿದುಕೊಡೆಂದು ಬೇಡುತ್ತಾನೆ. ಹಣ ಬರುತ್ತದೆ, ಆ ವೇಳೆಗೆ ಆಕೆ ಇಲ್ಲ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಚರಿತ್ರೆ ತೋರಿಬರುತ್ತದೆ. ಭೂತಯ್ಯನ ಊರಿನಲ್ಲಿ ಬಡವನನ್ನು ತುಳಿದದ್ದು ಒಬ್ಬ ವ್ಯಕ್ತಿ. ಚೋಮನನ್ನು ತುಳಿದದ್ದು ಕಟ್ಟಳೆ. ತಬರನನ್ನು ತುಳಿದದ್ದು ಕಾಗದ. ವ್ಯಕ್ತಿಯನ್ನು ಎದುರಿಸಬಹುದು, ಅವನ ಹೆಣಕ್ಕೆ ಹೆಗಲು ಕೊಡದೆ ಇರಬಹುದು. ಕಟ್ಟಳೆಯನ್ನೂ ಕಾಗದವನ್ನೂ ಹಿಡಿದು ನಿಲ್ಲಿಸುವುದು ಹೇಗೆ? ಅವುಗಳನ್ನು ನಡೆಯಿಸುವವರು ನಮ್ಮ ನಿಮ್ಮಂತಹ ಸಾಮಾನ್ಯರು, ಬಹುಮಟ್ಟಿಗೆ ಸಜ್ಜನರು. ದಡದಲ್ಲಿ ನಿಂತವರೂ, ‘ನಾಳೆ ಬಾ’ ಎಂದವರೂ ತಾವು ತಪ್ಪು ಮಾಡಿದೆವೆಂದು ಎಣಿಸಿರಲಾರರು.

ಈ ಚಿತ್ರಗಳನ್ನು ನೋಡುವ ಅವಕಾಶ ಒದಗಿದಾಗ ವಾಚಕರು ಮಾತಿಗಿಂತ ಹೆಚ್ಚಾಗಿ ಒಂದು ಸಂಗತಿಯನ್ನು ಗಮನಿಸಬೇಕೆಂದು ನನ್ನ ವಿನಂತಿ: ಯಾರು ಕುಳಿತಿದ್ದಾರೆ, ಯಾರು ನಿಂತಿದ್ದಾರೆ, ಯಾರು ಹೊರಗೆ ಕಾಯುತ್ತಿದ್ದಾರೆ. ಅನಂತರ ನಮ್ಮ ಮನೆಯ ಜಗಲಿಯನ್ನೂ ನಾವು ದುಡಿಯುವ ಕಚೇರಿಯನ್ನೂ ಅದೇ ಕಣ್ಣಿನಿಂದ ಒಮ್ಮೆ ನೋಡಿದರೆ, ಚಿತ್ರ ನೋಡಿದ್ದು ಸಾರ್ಥಕವಾದೀತು.